ಬಣ್ಣ ಉಳಿದರೆ ಸಾಕೇ, ಕೈ ಉಳಿಯುವುದು ಬೇಡವೇ?

ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಓದುವುದಕ್ಕಿಂತ ರೀಲ್ಸ್ ನೋಡುವುದೇ ಜಾಸ್ತಿ. ಅಂಥದೇ ಒಂದು ರಾತ್ರಿ ನನ್ನ ರೂಮ್‌ಮೇಟ್ ಮೊಬೈಲ್ ನನ್ನ ಮುಖದ ಹತ್ತಿರ ಹಿಡಿದು, ‘ನೋಡಲೇ, ನೌಕರಿ ಹತ್ತಿದ ಮ್ಯಾಲ ಮೊದ್ಲ ಇಲ್ಲಿಗೇ ಹೋಗೂದು’ ಅಂದ. ಇಟಲಿಯ ಬುರಾನೊ. ವೆನಿಸ್ ಪಕ್ಕದ ಹಿನ್ನೀರಿನಲ್ಲಿರುವ ಪುಟ್ಟ ದ್ವೀಪ, ಮೀನುಗಾರರ ಊರು. ಕಾಲುವೆಯ ಎರಡೂ ದಂಡೆಗೆ ಸಾಲಾಗಿ ಮನೆಗಳು. ಒಂದು ಮನೆ ಕಡುಗೆಂಪು, ಪಕ್ಕದ್ದು ಗಿಳಿಹಸಿರು, ಅದರಾಚೆ ಅರಿಶಿನ, ನೀಲಿ. ಕಿಟಕಿಗಳಲ್ಲಿ ಕೈಯಿಂದ ಹೆಣೆದ ಬಿಳಿ ಲೇಸು. ನಾವಿಬ್ಬರೂ ಆ ವಿಡಿಯೊವನ್ನು ಐದಾರು ಸಲ ನೋಡಿರಬೇಕು.

ನಮ್ಮ ಕಡೆ ‘ನಡುಗಡ್ಡೆ’ ಎಂಬ ಪದ ಕಿವಿಗೆ ಬಿದ್ದರೆ ಯಾರಿಗೂ ಪ್ರವಾಸ ನೆನಪಾಗುವುದಿಲ್ಲ. ಮಳೆಗಾಲದಲ್ಲಿ ನಾರಾಯಣಪುರದಿಂದ ಕೃಷ್ಣೆಗೆ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿತು, ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಸಂಪರ್ಕ ಕಡಿದುಹೋಯಿತು ಎಂಬ ಸುದ್ದಿಯಲ್ಲೇ ನಾವು ಆ ಪದವನ್ನು ಓದುತ್ತಾ ಬೆಳೆದದ್ದು. ಚಿಕ್ಕವನಿದ್ದಾಗ ನಾನು ಕಣ್ಣಾರೆ ಕಂಡಿದ್ದ ದ್ವೀಪವೆಂದರೆ ಕೂಡಲಸಂಗಮದ ಐಕ್ಯಮಂಟಪ ಒಂದೇ. ಸುತ್ತ ನೀರು, ನಡುವೆ ದುಂಡನೆಯ ಗೋಡೆ, ಮೆಟ್ಟಿಲಿಳಿದು ಹೋದರೆ ಒಳಗೆ ಮಂಟಪ. ಹೀಗಿರುವಾಗ ಬಣ್ಣಬಣ್ಣದ ದ್ವೀಪ, ಮೀನುಗಾರರು, ಕೈಕಸುಬು ಮೂರೂ ಒಂದೇ ಕಡೆ ಸಿಗುವ ಊರು ಎಂದರೆ ಆಸೆ ಹುಟ್ಟದೇ ಇರುತ್ತದೆಯೇ?

ಆದರೆ ನೀರು, ಮೀನುಗಾರರು, ಬಣ್ಣ ಮತ್ತು ಕೈಕಸುಬು ನಮಗೆ ಒಂದು ಬಸ್ ಟಿಕೆಟ್‌ನಷ್ಟು ಹತ್ತಿರದಲ್ಲೇ ಇದ್ದವು. ಅದು ನನಗೆ ಗೊತ್ತಾಗಲು ಅಕ್ಕನ ಮದುವೆ ಬರಬೇಕಾಯಿತು.

ನಮ್ಮದು ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿ. ಮದುವೆ ನಿಶ್ಚಯವಾದ ಮೇಲೆ ಅರಿವಿ ಸಂತಿಗೆ ಇಳಕಲ್‌ಗೆ ಹೋಗುವುದೆಂದು ತೀರ್ಮಾನವಾಯಿತು. ಚೀಲ ಹೊರಲು ಒಬ್ಬ ಗಂಡುಮಗ ಬೇಕಲ್ಲ, ಅವ್ವ ನನ್ನನ್ನು ಕಾಲೇಜಿನಿಂದ ಕರೆಸಿಕೊಂಡಳು. ಬಸ್ಸು ತಂಗಡಗಿ ಸೇತುವೆ ಹತ್ತಿರ ನಿಂತಾಗ ಕಿಟಕಿಯಿಂದ ನೋಡಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಅಗಲವಾಗಿ ಹರಡಿಕೊಂಡಿತ್ತು. ದಂಡೆಯ ಮೇಲೆ ನೀಲಮ್ಮನ ಗುಡಿ. ನೀರಲ್ಲಿ ಇಬ್ಬರು ಬುಟ್ಟಿಯಂಥ ದುಂಡನೆಯ ಹರಗೋಲಿನಲ್ಲಿ ಕುಳಿತು ಬಲೆ ಎಳೆಯುತ್ತಿದ್ದರು. ರಸ್ತೆ ಬದಿ ಒಬ್ಬರು ತಾಡಪತ್ರಿ ಮೇಲೆ ಕಟ್ಲಾ ಮೀನು ಇಟ್ಟುಕೊಂಡು ಮಾರುತ್ತಿದ್ದರು. ಎಷ್ಟೋ ಸಲ ಹೋಗಿಬಂದ ದಾರಿ. ಅವತ್ತು ಮೊದಲ ಬಾರಿಗೆ ಅದನ್ನು ನೋಡಿದೆ ಅನ್ನಿಸಿತು. ರೀಲ್ಸ್‌ನಲ್ಲಿ ಇದೇ ದೃಶ್ಯಕ್ಕೆ ಹಾಡು ಹಾಕಿದ್ದರೆ ನಾನೂ ಲೈಕ್ ಒತ್ತುತ್ತಿದ್ದೆನೇನೋ!

ಇಳಕಲ್‌ನ ಅಂಗಡಿಯಲ್ಲಿ ಎರಡು ರಾಶಿಗಳಿದ್ದವು. ಒಂದರಲ್ಲಿ ಆರುನೂರು, ಏಳುನೂರರ ಸೀರೆಗಳು. ಇನ್ನೊಂದರಲ್ಲಿ ಮೂರು ಸಾವಿರದಿಂದ ಶುರು. ಎರಡರ ಹೆಸರೂ ಇಳಕಲ್ ಸೀರೆಯೇ. ದೂರದಿಂದ ನೋಡಿದರೆ ಎರಡಕ್ಕೂ ಅದೇ ಕೆಂಪು ಸೆರಗು, ಅದೇ ಬಿಳಿ ತೆನಿ. ಅವ್ವ ಬೀಗರಿಗೆ ಆಯೇರಿ ಮಾಡಲು ಕಡಿಮೆ ರಾಶಿಯಿಂದ ಹದಿನಾಲ್ಕು ತೆಗೆದಿಟ್ಟಳು. ಅಕ್ಕನಿಗೆ ಮಾತ್ರ ದುಬಾರಿ ರಾಶಿಯಿಂದ ಒಂದು. ‘ಇವೆರಡರಾಗ ಫರಕ್ ಏನ್ರಿ?’ ಎಂದು ನಾನು ಕೇಳಿದ್ದಕ್ಕೆ ಅಂಗಡಿಯ ಹುಡುಗ, ‘ಅದು ಪವರ್‌ಲೂಮ್, ಇದು ಕೈಮಗ್ಗ’ ಎಂದಷ್ಟೇ ಹೇಳಿ ಬಿಲ್ ಬರೆಯತೊಡಗಿದ. ನಾವು ಕೇಳದಿದ್ದರೆ ಅಷ್ಟನ್ನೂ ಹೇಳುತ್ತಿರಲಿಲ್ಲ.

ಅದರ ಪೂರ್ತಿ ಉತ್ತರ ಸಿಕ್ಕಿದ್ದು ನನ್ನ ರೂಮ್‌ಮೇಟ್‌ನ ಮನೆಯಲ್ಲಿ. ಬುರಾನೊ ತೋರಿಸಿದ ಅದೇ ಹುಡುಗ ಇಳಕಲ್‌ನವನು, ನೇಕಾರರ ಮಗ. ಮೂರು ವರ್ಷದಿಂದ ಒಂದೇ ಕೋಣೆಯಲ್ಲಿ ಇದ್ದೇವೆ. ಅವನ ಅಪ್ಪ ಏನು ಮಾಡುತ್ತಾರೆ ಎಂದರೆ ‘ಬಿಸಿನೆಸ್’ ಎಂದೇ ಹೇಳುತ್ತಿದ್ದ. ಮಗ್ಗದ ಸುದ್ದಿ ಒಮ್ಮೆಯೂ ಎತ್ತಿರಲಿಲ್ಲ. ಅವತ್ತು ಅವನು ಊರಲ್ಲೇ ಇದ್ದ. ಫೋನ್ ಮಾಡಿದ್ದಕ್ಕೆ ಇಲ್ಲವೆನ್ನಲಾಗದೆ ಮನೆಗೆ ಕರೆದ.

ಪಡಸಾಲೆಯ ಅರ್ಧ ಭಾಗ ಕುಣಿಮಗ್ಗಕ್ಕೇ ಹೋಗಿತ್ತು. ಕಾಕಾ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತಿತ್ತು. ಕಾಕೂ ಒಂದು ಮೂಲೆಯಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದರು. ಅವ್ವ ಹೊಸ ಸೀರೆಯನ್ನು ಚೀಲದಿಂದ ತೆಗೆದು ತೋರಿಸಿದಳು. ಕಾಕಾ ಅದನ್ನು ಮಗ್ಗುಲು ತಿರುಗಿಸಿ, ಸೆರಗೂ ಒಡಲೂ ಕೂಡುವ ಜಾಗ ಹುಡುಕಿ ಬೆರಳಿಟ್ಟರು. ‘ಇದು ಕೊಂಡಿ ನೋಡ್ರಿ ಯವ್ವಾ. ಇದು ಕೈಯಾಂದು’ ಅಂದರು.

ಆಮೇಲೆ ಅವರು ತಿಳಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಯಾಕೆಂದರೆ ಅವ್ವನಂತೆ ಇಳಕಲ್ ಉಟ್ಟೇ ಬೆಳೆದವರಿಗೂ ಇದು ಗೊತ್ತಿರುವುದಿಲ್ಲ. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಒಡಲು ಹತ್ತಿ ಇರಬಹುದು, ರೇಷ್ಮೆ ಬೆರೆತದ್ದಿರಬಹುದು. ಸೆರಗಿನದು ಕೆಂಪು ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ. ಹಾಗಾಗಿ ಒಂದೇ ಉದ್ದ ಹಾಸು ಹಾಕಿ ಹತ್ತಾರು ಸೀರೆಗಳನ್ನು ಒಂದರ ಹಿಂದೊಂದು ನೇಯ್ದುಬಿಡುವ ಹಾಗಿಲ್ಲ. ಪ್ರತಿ ಸೀರೆಗೂ ಸೆರಗಿನ ಎಳೆಗಳನ್ನು ಹೊಸದಾಗಿ ಜೋಡಿಸಬೇಕು. ಅಗ್ಗದ ಪವರ್‌ಲೂಮ್ ನಕಲಿನಲ್ಲಿ ಸಾಮಾನ್ಯವಾಗಿ ಈ ಕೊಂಡಿ ಇರುವುದಿಲ್ಲ. ಸೆರಗಿನ ಅಂಚಿನ ಹಲ್ಲುಹಲ್ಲಿನ ವಿನ್ಯಾಸಕ್ಕೆ ತೋಪ ತೆನಿ ಅನ್ನುತ್ತಾರೆ. ತೆನಿ ಎಂದರೆ ನಮ್ಮ ಹೊಲದ ಜೋಳದ ತೆನೆಯೇ. ದಡಿಗೆ ಚಿಕ್ಕಿ ಪರಾಸ, ಗೋಮಿ, ಗಾಡಿ ಎಂದು ಒಂದೊಂದು ಹೆಸರು. ಸರ್ಕ್ಯೂಟ್ ಡಯಾಗ್ರಾಂ ಬಿಡಿಸುವಾಗ ಒಂದು ಗೆರೆ ತಪ್ಪಿದರೆ ನಾವು ರಬ್ಬರ್ ಹುಡುಕುತ್ತೇವೆ. ಇಲ್ಲಿ ಸಾವಿರಾರು ಎಳೆಗಳ ಲೆಕ್ಕ ಒಬ್ಬ ಮನುಷ್ಯನ ಬೆರಳಲ್ಲಿತ್ತು.

‘ನಿಮ್ಮ ಮಗನೂ ಕಲ್ತಾನೇನ್ರಿ ಕಾಕಾ?’ ಎಂದೆ.

ಅವರು ಲಾಳಿ ನಿಲ್ಲಿಸಲಿಲ್ಲ. ‘ಸಣ್ಣಾಂವಿದ್ದಾಗ ಕಲ್ತಾನ. ನಾನೇ ಕೂಡ್ರಿಸಲಿಲ್ಲ ತಮ್ಮಾ. ಈ ಕುಣ್ಯಾಗ ಒಮ್ಮೆ ಕಾಲ ಇಳಿಬಿಟ್ರ ಮ್ಯಾಲ ಬರಾಕ ಆಗೂದಿಲ್ಲ’ ಅಂದರು. ದಿನದ ಗಳಿಕೆ ಎಷ್ಟು ಬೀಳುತ್ತದೆ ಎಂದು ನಾವಿಬ್ಬರೂ ಸೇರಿ ಲೆಕ್ಕ ಹಾಕಿದೆವು. ಕಾಕಾನ ಕೂಲಿಯನ್ನು ಒಂದು ಸೀರೆಗೆ ಹಿಡಿಯುವ ದಿನಗಳಿಂದ ಭಾಗಿಸಿದರೆ ನಮ್ಮೂರಲ್ಲಿ ಗೌಂಡಿಯ ಕೈಕೆಳಗೆ ಕಲ್ಲು-ಸಿಮೆಂಟು ಹೊರುವವನ ಪಗಾರಕ್ಕಿಂತ ಕಡಿಮೆ. ಕಾಕೂ ದಿನವಿಡೀ ಸುತ್ತುವ ಕಂಡಿಕೆಗೆ ಬೇರೆ ಕೂಲಿಯೇ ಇಲ್ಲ, ಅದು ‘ಮನೆಗೆಲಸ’ದ ಲೆಕ್ಕಕ್ಕೇ ಹೋಗುತ್ತದೆ. ಆ ಓಣಿಯಲ್ಲಿ ಮೊದಲು ಪ್ರತಿ ಮನೆಯಲ್ಲೂ ಮಗ್ಗ ಇತ್ತಂತೆ. ಈಗ ಹಲವರು ಪವರ್‌ಲೂಮ್‌ಗೆ, ಇನ್ನು ಕೆಲವರು ಗ್ರಾನೈಟ್ ಕೆಲಸಕ್ಕೆ ಹೋಗುತ್ತಾರೆ. ಇಳಕಲ್‌ನ ಕೆಂಪು ಕಲ್ಲು ದೇಶ ವಿದೇಶದ ಕಟ್ಟಡಗಳಿಗೆ ಹೋಗುತ್ತದಲ್ಲ, ಆ ಕೆಲಸ.

ಹಾಸ್ಟೆಲ್‌ಗೆ ಮರಳಿದ ಮೇಲೆ ಬುರಾನೊ ಬಗ್ಗೆ ಸ್ವಲ್ಪ ಓದಿದೆ. ರೀಲ್ಸ್‌ನಲ್ಲಿ ಹೇಳದ ಕಥೆ ಅಲ್ಲಿತ್ತು.

ಆ ದ್ವೀಪದ ಲೇಸು ಹದಿನಾರನೇ ಶತಮಾನದಲ್ಲೇ ಯುರೋಪಿನ ಶ್ರೀಮಂತರಿಗೆ ಬೇಕಾಗಿತ್ತು. ಬಟ್ಟೆಯ ಆಧಾರವಿಲ್ಲದೆ ಬರೀ ಸೂಜಿ-ದಾರದಲ್ಲಿ ಹೆಣೆಯುವ ಕಲೆ. ‘ಗಾಳಿಯಲ್ಲಿ ಹಾಕಿದ ಹೊಲಿಗೆ’ ಎಂದೇ ಅದರ ಹೆಸರು. ಗಂಡಸರು ಮೀನಿಗೆ ಹೋದರೆ ಹೆಂಗಸರು ಬಾಗಿಲಲ್ಲಿ ಕುಳಿತು ಲೇಸು ಹೆಣೆಯುತ್ತಿದ್ದರು. ಕಾಲಕ್ರಮೇಣ ಬೇಡಿಕೆ ಕುಸಿದು ಕಲೆ ಮರೆತೇಹೋಯಿತು. 1872ರ ಚಳಿಗಾಲ ವಿಪರೀತವಾಗಿ, ಹಿನ್ನೀರು ಹೆಪ್ಪುಗಟ್ಟಿ ಮೀನುಗಾರರ ಮನೆಗಳಲ್ಲಿ ಒಲೆ ಹೊತ್ತದಾದಾಗ ಆ ಕಲೆಯ ನೆನಪಾಯಿತು. ಹಳೆಯ ಪದ್ಧತಿ ಬಲ್ಲವಳು ಚೆಂಚಾ ಸ್ಕಾರ್ಪಾರಿಯೋಲಾ ಎಂಬ ವೃದ್ಧೆ ಒಬ್ಬಳೇ ಉಳಿದಿದ್ದಳು. ಆಕೆಯಿಂದ ಕಲಿತು ಲೇಸು ಶಾಲೆ ಶುರುವಾಯಿತು. ಮೀನು ಕೈಕೊಟ್ಟಾಗ ದ್ವೀಪಕ್ಕೆ ಅನ್ನ ಕೊಟ್ಟದ್ದು ಹೆಣ್ಣುಮಕ್ಕಳ ಬೆರಳು. ಆ ಶಾಲೆ ಸುಮಾರು ನೂರು ವರ್ಷ ನಡೆದು 1970ರಲ್ಲಿ ಮುಚ್ಚಿತು. 1981ರಲ್ಲಿ ಅದೇ ಕಟ್ಟಡ ಲೇಸಿನ ಮ್ಯೂಸಿಯಂ ಆಯಿತು.

ಇವತ್ತು ಬುರಾನೊದಲ್ಲಿ ಮನೆಯ ಬಣ್ಣ ಬದಲಿಸಬೇಕಾದರೂ ಆಡಳಿತದ ಅನುಮತಿ ಬೇಕು. ಅಷ್ಟು ಜೋಪಾನ. ಮಂಜು ಕವಿದಾಗ ಮೀನುಗಾರರಿಗೆ ತಮ್ಮ ಮನೆ ಗುರುತು ಸಿಗಲೆಂದು ಈ ಬಣ್ಣ ಬಂತು ಎಂಬ ಕಥೆಯನ್ನು ಪ್ರತಿ ಪ್ರವಾಸಿಗನೂ ಕೇಳಿಕೊಂಡು ಬರುತ್ತಾನೆ. ಆದರೆ ಲೇಸು ಹೆಣೆಯಬಲ್ಲವರು ಉಳಿದಿರುವುದು ಬೆರಳೆಣಿಕೆಯಷ್ಟು, ಅವರಲ್ಲೂ ಹೆಚ್ಚಿನವರು ಅಜ್ಜಿಯರು. ಪ್ರವಾಸಿಗರು ಅಂಗಡಿಗಳಲ್ಲಿ ಕೊಳ್ಳುವ ಅಗ್ಗದ ಲೇಸಿನಲ್ಲಿ ಬಹಳಷ್ಟು ಹೊರಗಿನಿಂದ ಬಂದ ಯಂತ್ರದ್ದು. ಗೋಡೆಯ ಬಣ್ಣಕ್ಕೆ ಕಾನೂನಿನ ಕಾವಲಿದೆ. ಹೆಣೆಯುವ ಕೈಗೆ ಇಲ್ಲ. ಲಕ್ಷಾಂತರ ಜನ ಬಂದು ಫೋಟೊ ತೆಗೆಸಿಕೊಂಡು ಹೋದರೂ ಒಂದು ಕಸುಬು ಒಳಗೊಳಗೇ ಖಾಲಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಾನು ಈ ಲೇಖನ ಬರೆಯಲು ಕಾರಣ ಇಷ್ಟೇ. ನಮ್ಮಲ್ಲಿ ಕೈಮಗ್ಗದ ಮಾತು ಬಂದರೆ ಎರಡೇ ರಾಗ. ಒಂದು, ‘ಪರಂಪರೆ ಉಳಿಸಿ’. ಇನ್ನೊಂದು, ‘ಪ್ರವಾಸೋದ್ಯಮ ಬೆಳೆಸಿ’. ಎರಡನ್ನೂ ಹೇಳುವವರು ಮಗ್ಗದ ಕುಣಿಯಲ್ಲಿ ಕಾಲಿಟ್ಟವರಲ್ಲ. ನನ್ನ ಗೆಳೆಯನಿಗೆ ‘ನೀನು ಬಿಇ ಬಿಟ್ಟು ನೇಯಿ, ನಮ್ಮ ಸಂಸ್ಕೃತಿ ಉಳಿಯಲಿ’ ಎನ್ನಲು ನನಗೆ ಯಾವ ಹಕ್ಕಿದೆ? ಅವನ ಸೆಮಿಸ್ಟರ್ ಫೀ ಕಟ್ಟಿರುವುದೇ ಆ ಸೀರೆಗಳು. ಮಗ ಅದರಿಂದ ಪಾರಾಗಲಿ ಎಂದೇ ಅಪ್ಪ ನೇಯುತ್ತಿದ್ದಾರೆ. ನೇಕಾರನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಸಮಾಜವೇ ಆಗಸ್ಟ್ 7ಕ್ಕೆ ರಾಷ್ಟ್ರೀಯ ಕೈಮಗ್ಗ ದಿನದ ಸ್ಟೇಟಸ್ ಹಾಕುತ್ತದೆ. ಕಸುಬನ್ನು ಉಳಿಸುವುದು ಅಭಿಮಾನವಲ್ಲ, ಕೂಲಿ. ಕೂಲಿ ಸರಿ ಸಿಕ್ಕರೆ ಯಾರೂ ಭಾಷಣ ಮಾಡದೆಯೂ ಮಕ್ಕಳು ಕಲಿಯುತ್ತಾರೆ.

ಕಾನೂನು ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂದಿದೆ, ಸೀರೆಯೂ ಆ ಪಟ್ಟಿಯಲ್ಲಿದೆ. 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತಿದೆ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಜಿಐ ಮಾನ್ಯತೆ ಇದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಜನ ಇದೇ ಕೆಲಸದಲ್ಲಿದ್ದಾರೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆದರೆ ನಾನು ಹೋದ ಅಂಗಡಿಯಲ್ಲಿ ಎರಡು ರಾಶಿಗೆ ಒಂದೇ ಹೆಸರು ಹೇಳಿ ಮಾರುತ್ತಿದ್ದಾಗ ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಜಿಐ ಊರಿನ ಹೆಸರನ್ನು ಕಾಯಬಹುದು. ಕಾಕಾನ ಕೂಲಿಯನ್ನು ಕಾಯುವುದು ಕೊಳ್ಳುವವರ ಒಂದು ಪ್ರಶ್ನೆ.

‘ಹಾಗಾದರೆ ಬಡವರು ಮೂರು ಸಾವಿರದ ಸೀರೆ ಎಲ್ಲಿಂದ ತರಬೇಕು?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ನನ್ನವ್ವ ಹದಿನಾಲ್ಕು ಆಯೇರಿ ಸೀರೆಗಳನ್ನು ಕೈಮಗ್ಗದಲ್ಲೇ ಕೊಂಡಿದ್ದರೆ ಮದುವೆಯ ಊಟಕ್ಕೆ ಸಾಲ ತೆಗೆಯಬೇಕಾಗುತ್ತಿತ್ತು. ಪವರ್‌ಲೂಮ್ ನಡೆಸುವವರೂ ಅದೇ ಊರಿನ ದುಡಿಯುವ ಜನ, ಅವರೇನು ವೈರಿಗಳಲ್ಲ. ಯಂತ್ರದ ಸೀರೆ ಯಂತ್ರದ್ದೆಂದೇ ಮಾರಾಟವಾಗಲಿ, ಅಷ್ಟೇ ನನ್ನ ವಾದ. ಇಪ್ಪತ್ತು ರೂಪಾಯಿಯ ವೈರ್ ಕೊಳ್ಳುವಾಗಲೂ ಐಎಸ್‌ಐ ಗುರುತು ನೋಡು ಎಂದು ನಮಗೆ ಕಲಿಸಿದ್ದಾರೆ. ಮೂರು ಸಾವಿರದ ಸೀರೆಗೆ ಮಗ್ಗ ಯಾವುದು ಎಂದು ಕೇಳುವುದು ನಾಚಿಕೆಯ ಕೆಲಸವೇ? ಹತ್ತು ಅಗ್ಗದ್ದು ಕೊಂಡರೂ ಒಂದು ಅಸಲಿ ಕೊಳ್ಳಿ. ಆ ಒಂದನ್ನು ತಿಳಿದು ಕೊಳ್ಳಿ.

ಇನ್ನು ನಮ್ಮ ವಿಷಯ, ಅಂದರೆ ಎಂಜಿನಿಯರಿಂಗ್ ಓದುವವರ ವಿಷಯ. ಪ್ರತಿ ವರ್ಷ ನಮ್ಮಂಥ ಕಾಲೇಜುಗಳಲ್ಲಿ ಎಷ್ಟು ‘ಸ್ಮಾರ್ಟ್ ಡಸ್ಟ್‌ಬಿನ್’ಗಳು ತಯಾರಾಗುತ್ತವೆ! ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಸಿದ್ಧ ಪ್ರಾಜೆಕ್ಟ್ ಸಿಗುತ್ತದೆ. ಹೆಸರು ನಮ್ಮದು, ಕೈ ಬೇರೆಯವರದು. ಅಗ್ಗದ ಇಳಕಲ್ ರಾಶಿಗೂ ನಮ್ಮ ಪ್ರಾಜೆಕ್ಟಿಗೂ ಏನು ವ್ಯತ್ಯಾಸ? ಅವತ್ತು ಕಾಕಾನ ಮನೆಯಲ್ಲಿ ಒಂದೇ ತಾಸಿನಲ್ಲಿ ನನಗೆ ಮೂರು ಸಮಸ್ಯೆಗಳು ಕಂಡವು. ಕುಣಿಯಲ್ಲಿ ಕುಳಿತು ಕುಳಿತು ಬಂದ ಬೆನ್ನುನೋವು. ಕಪ್ಪು ನೂಲಿನ ಸೀರೆ ನೇಯುವಾಗ ಎಳೆ ಕಾಣದಷ್ಟು ಮಂದ ಬೆಳಕು. ರಾಟೆ ತಿರುಗಿಸಿ ಊದಿಕೊಂಡ ಕಾಕೂ ಅವರ ಮಣಿಕಟ್ಟು. ಕಂಡಿಕೆ ಸುತ್ತುವ ಸಣ್ಣ ಮೋಟಾರುಗಳು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆ ಮನೆಗೆ ಹೊಂದುವಂತೆ, ಕರೆಂಟು ಹೋದರೂ ನಡೆಯುವಂತೆ, ಅವರು ಕೊಳ್ಳಬಹುದಾದ ಬೆಲೆಗೆ ಇಲ್ಲ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವಿಬ್ಬರೂ ಅದನ್ನೇ ಆರಿಸಿಕೊಂಡಿದ್ದೇವೆ. ಯಂತ್ರ ಇನ್ನೂ ಆಗಿಲ್ಲ, ಅಳತೆ ಮಾತ್ರ ತಂದಿದ್ದೇವೆ. ‘ಇದರಿಂದ ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ?’ ಎಂದು ಕ್ಲಾಸಿನವರು ನಗುತ್ತಾರೆ. ಆದರೆ ಪ್ರಾಜೆಕ್ಟ್ ವಿಷಯ ಮಾತಾಡುವಾಗ ನನ್ನ ಗೆಳೆಯ ಮೊದಲ ಸಲ ಎಲ್ಲರೆದುರು ‘ನಮ್ಮಪ್ಪ ನೇಕಾರ’ ಅಂದ. ನನಗೆ ಅದೇ ದೊಡ್ಡ ಉಪಯೋಗ ಅನ್ನಿಸಿತು.

ಪ್ರವಾಸ ಬೇಡ ಎನ್ನುತ್ತಿಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ ಎಂದು ನಮ್ಮ ಕಾಲೇಜುಗಳ ಬಸ್ಸುಗಳು ವರ್ಷವಿಡೀ ಓಡುತ್ತವೆ. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಹೊರದೇಶದವರೂ ಬರುತ್ತಾರೆ. ಈ ಬಸ್ಸುಗಳು ಗುಳೇದಗುಡ್ಡದಲ್ಲಿ ಒಂದು ತಾಸು, ಇಳಕಲ್‌ನಲ್ಲಿ ಒಂದು ತಾಸು ನಿಂತರೆ ಸಾಕು. ಮಗ್ಗ ತೋರಿಸಿದ ಮನೆಗೆ ತಲಾ ಐವತ್ತು ರೂಪಾಯಿ ಕೊಡೋಣ. ಪುಕ್ಕಟೆ ಫೋಟೊ ತೆಗೆದು ‘ಸೂಪರ್ ಕಾಕಾ’ ಎಂದು ಎದ್ದುಬರುವುದು ಬೇಡ. ಕಲ್ಲಿನ ಗುಡಿಗೆ ಟಿಕೆಟ್ ತೆಗೆಯುವ ನಾವು ಬದುಕಿರುವ ಕಲೆಗಾರನ ಹೊತ್ತಿಗೆ ಬೆಲೆ ಇಲ್ಲವೆಂದು ಯಾಕೆ ಅಂದುಕೊಳ್ಳಬೇಕು?

ಇಷ್ಟಕ್ಕೂ ಇದು ಇಳಕಲ್ ಒಂದರ ಕಥೆಯಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಯಾವ ಕಡೆ ಹೋದರೂ ಲಂಬಾಣಿ ತಾಂಡಾಗಳಿವೆ. ಕನ್ನಡಿ, ಕವಡೆ, ನೂರು ಬಣ್ಣದ ದಾರ ಹಾಕಿ ಹೊಲಿದ ಉಡುಪು ತೊಟ್ಟ ಅಜ್ಜಿಯರು ಸಂತೆಯಲ್ಲಿ ಇನ್ನೂ ಕಾಣುತ್ತಾರೆ. ಅವರ ಸೊಸೆಯಂದಿರು ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುತ್ತಾರೆ, ಕಸೂತಿ ಹಾಕಲು ಅವರಿಗೆ ಹೊತ್ತೆಲ್ಲಿದೆ? ಬುರಾನೊದ ಆ ವೃದ್ಧೆಯಂತೆ ನಮ್ಮ ಪ್ರತಿ ತಾಂಡಾದಲ್ಲೂ ಕೊನೆಯದಾಗಿ ಬಲ್ಲವರು ಒಬ್ಬಿಬ್ಬರು ಇದ್ದಾರೆ. ಕೇಳುವವರು ಯಾರಾದರೂ ಹೋಗಬೇಕು, ಕೈಯಲ್ಲಿ ಬರೀ ಮೊಬೈಲ್ ಹಿಡಿದಲ್ಲ, ಕೆಲಸದ ಆರ್ಡರ್ ಹಿಡಿದು.

ನಾನು ಮತ್ತು ನನ್ನ ಗೆಳೆಯ ಬುರಾನೊಗೆ ಹೋಗುವ ಯೋಚನೆಯನ್ನೇನೂ ಕೈಬಿಟ್ಟಿಲ್ಲ. ನೌಕರಿ ಸಿಗಲಿ, ಹೋಗುತ್ತೇವೆ. ಅಲ್ಲಿ ಮ್ಯೂಸಿಯಂನಲ್ಲಿ ಲೇಸು ಹೆಣೆಯುತ್ತ ಕುಳಿತ ಅಜ್ಜಿ ಸಿಕ್ಕರೆ ಆಕೆಗೆ ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಬೇಕೆಂದಿದ್ದೇವೆ.

ಅಕ್ಕನ ಮದುವೆ ಮುಗಿಯಿತು. ಈಗ ಅವ್ವನಿಗೆ ಹೊಸದೊಂದು ಚಟ ಹತ್ತಿದೆ. ಯಾವ ಮದುವೆಗೆ ಹೋದರೂ, ಪಕ್ಕದಲ್ಲಿ ಇಳಕಲ್ ಉಟ್ಟವರು ಕುಳಿತರೆ ಸೆರಗು ಹಿಡಿದು ಮಗ್ಗುಲು ತಿರುಗಿಸಿ ನೋಡುತ್ತಾಳೆ. ‘ಯವ್ವಾ, ಕೊಂಡಿ ಐತೇನ್ ನೋಡೂಣು’ ಅನ್ನುತ್ತಾಳೆ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಇಬ್ಬರು ಮಾತ್ರ ಅಂಗಡಿಯವನ ಹತ್ತಿರ ಹೋಗಿ ಕೇಳಿಬಂದರಂತೆ.